ಮಿತಸ್ವರದ ಮಹಿಮೆ

ಬಹುವಾಗಿ ನುಡಿಯಬಲ್ಲವನು ಮಿತವಾಗಿ ನುಡಿದಾಗ ಆ ನುಡಿಗೆ ತೂಕ ಬರುತ್ತದೆ. ಕಾವ್ಯಕ್ಕೆ ಸಲ್ಲುವ ಈ ಮಾತು ಸಂಗೀತಕ್ಕೂ ಸಲ್ಲುವುದೆಂಬುದಕ್ಕೆ ಎಸ್ಟೋನಿಯಾ ದೇಶದ ಸಂಗೀತ ರಚನಕಾರ ಆರ್ವೋ ಪ್ಯಾರ್ಟ್ ಅವರು 1976ರಲ್ಲಿ ರಚಿಸಿದ ‘ಫ್ಯೂರ್ ಆಲೀನಾ’ ಎಂಬ ಪಿಯಾನೋ ಕೃತಿ ಉತ್ತಮ ನಿದರ್ಶನವಾಗಿದೆ. ಈ ಜರ್ಮನ್ ಹೆಸರಿಗೆ ‘ಆಲೀನಾಳಿಗಾಗಿ’ ಎಂದರ್ಥ. ತಾಯ್ನಾಡನ್ನು ಬಿಟ್ಟು ಲಂಡನ್ನಿಗೆ ತೆರಳಿದ್ದ ತರುಣಿಯೊಬ್ಬಳಿಗೆ ಇದು ಅರ್ಪಿತವಾಗಿದೆ. ಸ್ವರಲಿಪಿ ಕೇವಲ ಎರಡು ಪುಟ. ಆದರೆ ಅದರ ಹಿಂದಿರುವ ತಪಸ್ಸು ಎಂಟು ವರ್ಷಗಳದು.

ಪ್ಯಾರ್ಟ್ ಅವರು 1935ರಲ್ಲಿ ಜನಿಸಿದರು. ತಾರುಣ್ಯದಲ್ಲಿ ಹನ್ನೆರಡು ಸ್ವರಗಳ ಕ್ಲಿಷ್ಟಕ್ರಮವನ್ನು ಅನುಸರಿಸಿ ಹೆಸರು ಪಡೆದರು. 1968ರಲ್ಲಿ ರಾಜಧಾನಿ ಟಾಲಿನ್ನಿನಲ್ಲಿ ಅವರ ‘ಕ್ರೆಡೊ’ ಪ್ರಯೋಗಗೊಂಡಿತು. ಅದರಲ್ಲಿದ್ದ ಕ್ರೈಸ್ತಶ್ರದ್ಧೆಯ ಬಹಿರಂಗ ಘೋಷಣೆ ಅಂದಿನ ಸೋವಿಯತ್ ಅಧಿಕಾರಿಗಳಿಗೆ ಸಹ್ಯವಾಗಲಿಲ್ಲ. ಕೃತಿ ಮರೆಗೆ ಸರಿಯಬೇಕಾಯಿತು. ಹೊರಗಿನ ಈ ವಿರೋಧಕ್ಕಿಂತಲೂ, ತಾವು ಹಿಡಿದ ಮಾರ್ಗವೇ ಬರಿದಾಯಿತೆಂಬ ಒಳಗಿನ ಸಂಕಟ ತೀವ್ರತರವಾಗಿತ್ತು. 1971ರ ಮೂರನೆಯ ಸಿಂಫನಿಯಂತಹ ಕೆಲವನ್ನು ಬಿಟ್ಟರೆ ಅವರ ಲೇಖನಿ ಬಹುಮಟ್ಟಿಗೆ ಮೌನ ತಾಳಿತು. ಆ ಮೌನ ಆಲಸ್ಯವಾಗಿರಲಿಲ್ಲ. ಕೀರ್ತಿ ಪಡೆದ ರಚನಕಾರ ಮತ್ತೆ ವಿದ್ಯಾರ್ಥಿಯಾಗಿ, ಗ್ರೆಗೋರಿಯನ್ ಏಕಧಾಟಿಯ ಗಾನವನ್ನೂ ಪ್ರಾಚೀನ ಬಹುಧ್ವನಿ ಸಂಗೀತವನ್ನೂ ಅಭ್ಯಸಿಸಿದರು.

ಅಭ್ಯಾಸದ ಫಲವಾಗಿ ದೊರೆತ ಪದ್ಧತಿಗೆ ಅವರು ಲ್ಯಾಟಿನ್ನಿನ ‘ಕಿರುಗಂಟೆ’ ಎಂಬ ಪದದಿಂದ ‘ಟಿಂಟಿನಾಬುಲಿ’ ಎಂದು ಹೆಸರಿಟ್ಟರು. ಅದರ ಲಕ್ಷಣ ಸರಳ. ಬಲಗೈ ಸ್ವರಶ್ರೇಣಿಯಲ್ಲಿ ಮೆಲ್ಲನೆ ಸಂಚರಿಸುತ್ತದೆ. ಎಡಗೈ ಬಿ, ಡಿ, ಎಫ್ ಶಾರ್ಪ್ ಎಂಬ ಮೂರೇ ಸ್ವರಗಳಿಂದ ಪ್ರತಿ ಸ್ವರಕ್ಕೂ ಜೊತೆ ನೀಡುತ್ತದೆ. ಒಂದು ಅಲೆಯುವ ದನಿ, ಒಂದು ನೆಲೆಯಾದ ದನಿ. ಎರಡೂ ಕೂಡಿ ಕೇಳುಗನಿಗೆ ಒಂದೇ ಆಗುತ್ತವೆ. ಆರಂಭದಲ್ಲಿ ಮೀಟಿದ ಮಂದ್ರಸ್ವರ ಪೆಡಲಿನ ಬಲದಿಂದ ಅನುರಣಿಸುತ್ತಿದ್ದು, ನಮ್ಮವರಿಗೆ ತಂಬೂರಿಯ ಶ್ರುತಿಯನ್ನು ನೆನಪಿಗೆ ತರುತ್ತದೆ. ಕೃತಿಗೆ ತಾಳದ ಕಟ್ಟಿಲ್ಲ. ಖಂಡದಿಂದ ಖಂಡಕ್ಕೆ ಒಂದೊಂದೇ ಸ್ವರ ಹೆಚ್ಚುತ್ತಾ ಹೋಗಿ, ಬಳಿಕ ಹಾಗೆಯೇ ಇಳಿಯುತ್ತದೆ.

ವ್ಯಾಕರಣದಲ್ಲಿ ಉತ್ಸರ್ಗವಿದ್ದೆಡೆ ಅಪವಾದವೂ ಉಂಟಷ್ಟೆ. ಇಲ್ಲಿಯೂ ಒಂದೇ ಒಂದು ಕಡೆ ಎಡಗೈ ತನ್ನ ಮೂರು ಸ್ವರಗಳನ್ನು ಬಿಟ್ಟು ಸಿ ಶಾರ್ಪನ್ನು ಮುಟ್ಟುತ್ತದೆ. ಸ್ವರಲಿಪಿಯಲ್ಲಿ ಆ ಸ್ಥಳದಲ್ಲಿ ಕೃತಿಕಾರರು ಒಂದು ಹೂವನ್ನು ಬರೆದಿದ್ದಾರೆ. ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದಲೇ ಆ ಉಲ್ಲಂಘನೆ ಹೂವಾಯಿತು. ಎಲ್ಲೆಡೆ ಮುರಿದಿದ್ದರೆ ಅದು ಗಮನಕ್ಕೇ ಬರುತ್ತಿರಲಿಲ್ಲ.

ನುಡಿಸುವುದಕ್ಕೆ ಬೆರಳುಗಳ ಚಮತ್ಕಾರ ಇಲ್ಲಿ ಬೇಕಿಲ್ಲ. ಆರಂಭದ ಅಭ್ಯಾಸಿಯೂ ಸ್ವರಗಳನ್ನು ಒತ್ತಬಲ್ಲನು. ಆದರೆ ಒಂದು ಸ್ವರ ಅಡಗುವವರೆಗೆ ಕಾದು ಕೇಳುವ ಸಹನೆ ಎಲ್ಲರಿಗೂ ಸುಲಭವಲ್ಲ. ಅವಸರಪಟ್ಟರೆ ಇಲ್ಲಿ ಅಡಗಿಕೊಳ್ಳಲು ಎಡೆಯಿಲ್ಲ. ಒಂದು ಒರಟು ಸ್ಪರ್ಶವೂ ಬಯಲಾಗುತ್ತದೆ. 1999ರಲ್ಲಿ ಹೊರಬಂದ ‘ಆಲೀನಾ’ ಧ್ವನಿಮುದ್ರಿಕೆಯಲ್ಲಿ ಅಲೆಕ್ಸಾಂಡರ್ ಮಾಲ್ಟರ್ ಅವರು ಈ ಪುಟ್ಟ ಕೃತಿಯನ್ನು ಸುಮಾರು ಹತ್ತು ನಿಮಿಷಗಳವರೆಗೆ ವಿಸ್ತರಿಸಿ ನುಡಿಸಿದ್ದಾರೆ.

ಪ್ಯಾರ್ಟ್ ಅವರು 1980ರಲ್ಲಿ ದೇಶವನ್ನು ತೊರೆಯಬೇಕಾಯಿತು. ದಶಕಗಳ ನಂತರ ಮರಳಿ ಬಂದರು. 2018ರಲ್ಲಿ ಲೌಲಾಸ್ಮಾದಲ್ಲಿ ಅವರ ಹೆಸರಿನ ಕೇಂದ್ರಕ್ಕೆ ನೂತನ ಭವನವೂ ಆಯಿತು. ಆದರೆ ಆ ಮಾರ್ಗದ ಮೊದಲ ಹೆಜ್ಜೆ ಈ ಎರಡು ಪುಟಗಳೇ. ಕಲಿತದ್ದನ್ನು ಬದಿಗಿಟ್ಟು ಪುನಃ ಮೊದಲ ಪಾಠಕ್ಕೆ ಕುಳಿತುಕೊಳ್ಳುವ ವಿನಯ ವಿದ್ವಾಂಸನಿಗೆ ಇದ್ದರೆ, ಮೌನದ ವರ್ಷಗಳು ವ್ಯರ್ಥವಾಗುವುದಿಲ್ಲವೆಂಬುದನ್ನು ಕಲಿಸುವವರೂ ಕಲಿಯುವವರೂ ಇದರಿಂದ ಅರಿಯಬಹುದು.