ಒಂದು ಫರ್ನೇಸ್, ಎರಡು ಥರ್ಮೋಸ್ಟಾಟ್: ಮನೆಯನ್ನ ಝೋನ್ ಮಾಡೋದು ಹೇಗೆ?

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಅಜ್ಜಿ ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇರೋ ಚಿಕ್ಕಪ್ಪನ ಮನೆಗೆ ಹೋದ್ರು. ಹೊರಗೆ ಮೈನಸ್ 18 ಡಿಗ್ರಿ. ಕೆಳಗಿನ ಹಾಲ್‌ನಲ್ಲಿ ಥರ್ಮೋಸ್ಟಾಟ್ 21 ತೋರಿಸ್ತಿತ್ತು, ಮಹಡಿ ಮೇಲೆ ಅಜ್ಜಿ ರೂಮಲ್ಲಿ 16. ವಿಡಿಯೋ ಕಾಲ್‌ನಲ್ಲಿ ಅಜ್ಜಿ ನನ್ನನ್ನೇ ಕೇಳಿದ್ರು: "ಅಲ್ಲ ಕಣೋ, ಇವರೆಲ್ಲ ಕೆಳಗೆ ಬನಿಯನ್‌ನಲ್ಲಿ ಓಡಾಡ್ತಾರೆ, ನಾನು ಮಾತ್ರ ಎರಡು ಸ್ವೆಟರ್ ಹಾಕ್ಕೊಂಡು ಮಲಗ್ಬೇಕಾ? ನೀನು ಇಂಜಿನಿಯರಿಂಗ್ ಓದ್ತಾ ಇದ್ದೀಯಲ್ಲ, ಹೇಳು." ಆ ಪ್ರಶ್ನೆಯಿಂದ ಚಿಕ್ಕಪ್ಪನ ಜೊತೆ ಕೂತು ಕಲಿತದ್ದನ್ನ ಇಲ್ಲಿ ಬರೀತಾ ಇದ್ದೀನಿ. ನಮ್ಮ ಸಿಲಬಸ್‌ನ ಮೂರು ನಾಲ್ಕು ಸಬ್ಜೆಕ್ಟ್ ಇದರೊಳಗೆ ಒಟ್ಟಿಗೆ ಬರುತ್ತೆ.

ಮೊದಲು ಅಲ್ಲಿನ ಮನೆ ಹೇಗೆ ಬಿಸಿ ಆಗುತ್ತೆ ನೋಡೋಣ. ನಮ್ಮಲ್ಲಿ ಎಸಿ ಅಂದ್ರೆ ರೂಮಿಗೊಂದು ಸ್ಪ್ಲಿಟ್ ಯೂನಿಟ್. ಅಲ್ಲಿ ಬೇಸ್‌ಮೆಂಟ್‌ನಲ್ಲಿ ಒಂದೇ ಗ್ಯಾಸ್ ಫರ್ನೇಸ್, ಅದರ ತಲೆ ಮೇಲೆ ಎಸಿ ಕಾಯಿಲ್, ಹೊರಗೆ ಕಂಪ್ರೆಸರ್. ಒಂದೇ ಬ್ಲೋವರ್ ಚಳಿಗಾಲದಲ್ಲಿ ಬಿಸಿ ಗಾಳಿ, ಬೇಸಿಗೆಯಲ್ಲಿ ತಣ್ಣನೆ ಗಾಳಿಯನ್ನ ತಗಡಿನ ಡಕ್ಟ್‌ಗಳ ಮೂಲಕ ಎಲ್ಲಾ ರೂಮಿಗೂ ತಳ್ಳುತ್ತೆ. ಇದೆಲ್ಲಕ್ಕೂ ಯಜಮಾನ ಹಾಲ್‌ನ ಒಂದು ಥರ್ಮೋಸ್ಟಾಟ್. ಚಿಕ್ಕಪ್ಪನ ಮನೇಲಿ ಹಾಲ್‌ಗೆ ದಕ್ಷಿಣದ ದೊಡ್ಡ ಕಿಟಕಿ, ಪಕ್ಕದಲ್ಲೇ ಅಡುಗೆಮನೆ, ಡಕ್ಟ್ ಕೂಡ ಹತ್ತಿರ. ಅಜ್ಜಿ ರೂಮು ಉತ್ತರದ ಮೂಲೆ, ಅಲ್ಲಿಗೆ ಡಕ್ಟ್ ಉದ್ದ. ಹಾಲ್ ಬೇಗ ಬಿಸಿ ಆಗಿ ಥರ್ಮೋಸ್ಟಾಟ್ "ಸಾಕು" ಅಂತ ಫರ್ನೇಸ್ ಆಫ್ ಮಾಡ್ಬಿಡುತ್ತೆ. ಅಜ್ಜಿ ರೂಮಿನ ವಿಷಯ ಅದಕ್ಕೆ ಗೊತ್ತೇ ಇಲ್ಲ, ಯಾಕಂದ್ರೆ ಅಲ್ಲಿ ಸೆನ್ಸರ್ರೇ ಇಲ್ಲ. ಬೇಸಿಗೆಯಲ್ಲಿ ಇದು ಉಲ್ಟಾ: ಛಾವಣಿ ಬಿಸಿ ಎಲ್ಲಾ ಮಹಡಿಗೆ ಇಳಿಯುತ್ತೆ, ಕೆಳಗೆ ತಂಪು.

ಝೋನಿಂಗ್ ಅಂದ್ರೆ ಇಷ್ಟೇ. ಡಕ್ಟ್ ಎರಡು ದಾರಿಯಾಗಿ ಒಡೆಯೋ ಜಾಗದಲ್ಲಿ ಪ್ರತಿ ದಾರಿಗೂ ಒಂದು ಮೋಟರ್ ಡ್ಯಾಂಪರ್, ಅಂದ್ರೆ ಗಾಳಿಗೆ ಒಂದು ಬಾಗಿಲು. ಪ್ರತಿ ಝೋನ್‌ಗೂ ಒಂದು ಥರ್ಮೋಸ್ಟಾಟ್. ಮಧ್ಯದಲ್ಲಿ ಒಂದು ಝೋನ್ ಪ್ಯಾನಲ್. ಥರ್ಮೋಸ್ಟಾಟ್‌ಗಳು ಪ್ಯಾನಲ್ ಜೊತೆ ಮಾತಾಡುತ್ತವೆ, ಪ್ಯಾನಲ್ ಡ್ಯಾಂಪರ್‌ಗಳಿಗೂ ಫರ್ನೇಸ್‌ಗೂ ಆರ್ಡರ್ ಕೊಡುತ್ತೆ.

ಪ್ಯಾನಲ್‌ನೊಳಗಿನ ಬುದ್ಧಿ ಏನು ಅಂತ ನೋಡಿದ್ರೆ ಲಾಜಿಕ್ ಡಿಸೈನ್ ಲ್ಯಾಬ್ ನೆನಪಾಗುತ್ತೆ. ಮೇಲಿನ ಝೋನ್ ಅಥವಾ ಕೆಳಗಿನ ಝೋನ್ ಯಾವುದೇ ಕೇಳಿದ್ರೂ ಫರ್ನೇಸ್ ಆನ್: ಇದು ಆರ್ ಗೇಟ್. ಯಾರೋ ಒಬ್ಬರು ಕೇಳ್ತಿದ್ದಾರೆ ಆದ್ರೆ ನಾನು ಕೇಳ್ತಿಲ್ಲ ಅಂದಾಗ ಮಾತ್ರ ನನ್ನ ಡ್ಯಾಂಪರ್ ಮುಚ್ಚಬೇಕು: ಇದು ಆಂಡ್ ಗೇಟ್, ಒಂದು ಇನ್‌ಪುಟ್ ನಾಟ್ ಆಗಿ. ಯಾರೂ ಕೇಳದಿದ್ದಾಗ ಎರಡೂ ಡ್ಯಾಂಪರ್ ತೆರೆದಿರುತ್ತೆ. ಇದರ ಮೇಲೆ ಟೈಮರ್‌ಗಳು. ಮೇಲಿನವರು ಹೀಟ್, ಕೆಳಗಿನವರು ಕೂಲ್ ಕೇಳಿದ್ರೆ ಒಂದನ್ನ ಮೊದಲು ಮುಗಿಸಿ, ಸ್ವಲ್ಪ ಹೊತ್ತು ಕಾದು ಇನ್ನೊಂದಕ್ಕೆ ಹೋಗುತ್ತೆ. ಕಂಪ್ರೆಸರ್ ಒಮ್ಮೆ ನಿಂತ್ರೆ ಸುಮಾರು ಐದು ನಿಮಿಷ ಮತ್ತೆ ಶುರು ಮಾಡಲ್ಲ. ಕಾಲ್ ಮುಗಿದ ಮೇಲೂ ಡ್ಯಾಂಪರನ್ನ ಸ್ವಲ್ಪ ಹೊತ್ತು ಹಾಗೇ ಇಟ್ಟಿರುತ್ತೆ, ಫರ್ನೇಸ್‌ನಲ್ಲಿ ಉಳಿದ ಬಿಸಿ ಸರಿಯಾದ ಝೋನ್‌ಗೇ ಹೋಗಲಿ ಅಂತ.

ಇಲ್ಲಿವರೆಗೂ ಸುಲಭ. ನಾನೂ "ಇಷ್ಟೇನಾ, ಎರಡು ಬಾಗಿಲು ಹಾಕಿದ್ರೆ ಆಯ್ತಲ್ಲ" ಅಂದ್ಕೊಂಡಿದ್ದೆ. ತಲೆಬಿಸಿ ಶುರುವಾಗಿದ್ದು ಗಾಳಿಯ ಲೆಕ್ಕದಲ್ಲಿ.

ಅವರ ಫರ್ನೇಸ್ ಔಟ್‌ಪುಟ್ ಗಂಟೆಗೆ 76,000 ಬಿಟಿಯು, ಅಂದ್ರೆ ಸುಮಾರು 22.3 ಕಿಲೋವ್ಯಾಟ್. ಬ್ಲೋವರ್ ಗಾಳಿ ನಿಮಿಷಕ್ಕೆ 1200 ಘನ ಅಡಿ, ಸೆಕೆಂಡಿಗೆ 0.566 ಘನ ಮೀಟರ್. ಗಾಳಿಯ ಸಾಂದ್ರತೆ 1.2, ವಿಶಿಷ್ಟ ಉಷ್ಣ 1.005. ಮೂರನ್ನೂ ಗುಣಿಸಿದ್ರೆ ಒಂದು ಡಿಗ್ರಿ ಏರಿಸೋಕೆ 0.683 ಕಿಲೋವ್ಯಾಟ್ ಬೇಕು. 22.3ನ್ನ ಅದರಿಂದ ಭಾಗಿಸಿ: ಗಾಳಿ ಫರ್ನೇಸ್ ದಾಟುವಾಗ ಸುಮಾರು 33 ಡಿಗ್ರಿ ಏರುತ್ತೆ. ಫರ್ನೇಸ್‌ನ ನೇಮ್‌ಪ್ಲೇಟ್ ಮೇಲೆ ಎಷ್ಟು ಏರಬಹುದು ಅಂತ ಬರೆದಿರುತ್ತೆ. ಇದರಲ್ಲಿ ಗರಿಷ್ಠ 65 ಫ್ಯಾರನ್‌ಹೀಟ್ ಡಿಗ್ರಿ, ನಮ್ಮ ಲೆಕ್ಕದಲ್ಲಿ 36. ಸರಿಯಾಗೇ ಇದೆ.

ಈಗ ಕೆಳಗಿನ ಡ್ಯಾಂಪರ್ ಮುಚ್ಚಿ. ಮೇಲಿನ ಡಕ್ಟ್ ಅರ್ಧ ಗಾಳಿಗೆ ಮಾತ್ರ ಮಾಡಿದ್ದು. ಅರ್ಧ ಗಾಳಿ ಅಂದ್ರೆ ಏರಿಕೆ ಎರಡರಷ್ಟು, 65 ಡಿಗ್ರಿ. 20ರಲ್ಲಿ ಒಳಗೆ ಹೋದ ಗಾಳಿ 85ರಲ್ಲಿ ಹೊರಗೆ ಬರಬೇಕು! ಅಷ್ಟಾಗೋಕೆ ಮುಂಚೆ ಲಿಮಿಟ್ ಸ್ವಿಚ್ ಗ್ಯಾಸ್ ಕಟ್ ಮಾಡುತ್ತೆ. ಬ್ಲೋವರ್ ಓಡಿ ತಣ್ಣಗಾಗುತ್ತೆ, ಮತ್ತೆ ಉರಿಯುತ್ತೆ, ಮತ್ತೆ ಕಟ್. ದಿನಕ್ಕೆ ಎಷ್ಟೋ ಸಲ ಹೀಗಾದ್ರೆ ಹೀಟ್ ಎಕ್ಸ್‌ಚೇಂಜರ್ ತಗಡು ಹಿಗ್ಗಿ ಕುಗ್ಗಿ ಬಿರುಕು ಬಿಡಬಹುದು. ಅದರೊಳಗೆ ಇರೋದು ಉರಿದ ಗ್ಯಾಸ್ ಹೊಗೆ, ಹಾಗಾಗಿ ಇದು ಬರೀ ರಿಪೇರಿ ಖರ್ಚಿನ ಮಾತಲ್ಲ. ಬೇಸಿಗೆಯಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ: ಗಾಳಿ ಕಮ್ಮಿ ಆದ್ರೆ ಎಸಿ ಕಾಯಿಲ್ ಸೊನ್ನೆಗಿಂತ ಕೆಳಗೆ ಹೋಗಿ ಐಸ್ ಕಟ್ಟುತ್ತೆ.

ಇದಕ್ಕೆ ಹಳೇ ಉಪಾಯ ಬೈಪಾಸ್ ಡಕ್ಟ್. ಜಾಸ್ತಿಯಾದ ಗಾಳಿಯನ್ನ ಸೀದಾ ರಿಟರ್ನ್‌ಗೆ ವಾಪಸ್ ಕಳಿಸೋದು. ನನಗೆ ಇದು ಇಷ್ಟ ಆಗ್ಲಿಲ್ಲ. ಬಿಸಿ ಗಾಳಿಯನ್ನೇ ಫರ್ನೇಸ್ ಬಾಯಿಗೆ ಹಾಕಿದ್ರೆ ಒಳಗೆ ಹೋಗೋ ಗಾಳಿ 20ರ ಬದಲು 30ರಲ್ಲಿ ಇರುತ್ತೆ, ಲಿಮಿಟ್ ಇನ್ನೂ ಬೇಗ ಬರುತ್ತೆ. ಚಿಕ್ಕಪ್ಪನ ಅದೃಷ್ಟಕ್ಕೆ ಅವರ ಫರ್ನೇಸ್ ಎರಡು ಸ್ಟೇಜಿನದು. ಮೊದಲ ಸ್ಟೇಜ್‌ನಲ್ಲಿ 65 ಶೇಕಡಾ ಬೆಂಕಿ, ಸುಮಾರು 14.5 ಕಿಲೋವ್ಯಾಟ್. ಕೆಳಗಿನ ಡ್ಯಾಂಪರನ್ನ ಪೂರ್ತಿ ಮುಚ್ಚದೆ ಸ್ವಲ್ಪ ಸಂದು ಬಿಟ್ರೆ ಒಟ್ಟು 750 ಘನ ಅಡಿ ಗಾಳಿ ಹೋಗುತ್ತೆ ಅಂತ ಲೆಕ್ಕ ಹಿಡಿದ್ವಿ. ಆಗ ಏರಿಕೆ 34 ಡಿಗ್ರಿ. ನೇಮ್‌ಪ್ಲೇಟ್ ಮಿತಿಯೊಳಗೇ ಬಂತು. ಬೈಪಾಸ್ ಬೇಕಾಗ್ಲಿಲ್ಲ.

ಆದ್ರೆ ಇದರಲ್ಲಿ ಒಂದು ಗುಂಡಿ ಇದೆ, ನಾವು ಅದರಲ್ಲಿ ಬೀಳೋದ್ರಲ್ಲಿದ್ವಿ. ಹಳೇ ಥರ್ಮೋಸ್ಟಾಟ್ ಒಂದೇ ಸ್ಟೇಜಿನದು ಆಗಿದ್ದರಿಂದ ಫರ್ನೇಸ್ ಬೋರ್ಡ್ ತಾನೇ ಟೈಮರ್ ಇಟ್ಕೊಂಡು ಕೆಲವು ನಿಮಿಷ ಆದ್ಮೇಲೆ ಎರಡನೇ ಸ್ಟೇಜಿಗೆ ಹಾರ್ತಿತ್ತು. ಹಾಗೇ ಬಿಟ್ಟಿದ್ರೆ ಅಜ್ಜಿ ಝೋನ್ ಒಂದೇ ತೆರೆದಿದ್ದಾಗ ಫುಲ್ ಬೆಂಕಿ ಬಂದು ನಮ್ಮ ಲೆಕ್ಕ ಎಲ್ಲಾ ನೀರುಪಾಲು. ಬೋರ್ಡ್ ಮೇಲಿನ ಡಿಪ್ ಸ್ವಿಚ್‌ನಿಂದ ಆ ಟೈಮರ್ ಆಫ್ ಮಾಡಿ, ಪ್ಯಾನಲ್‌ನಲ್ಲಿ "ಎರಡೂ ಝೋನ್ ಕೇಳಿದಾಗ ಮಾತ್ರ ಎರಡನೇ ಸ್ಟೇಜ್" ಅನ್ನೋ ಸೆಟ್ಟಿಂಗ್ ಹಾಕಬೇಕಾಯ್ತು. ಜೊತೆಗೆ ಕಾಯಿಲ್ ದಾಟಿದ ಮೇಲಿನ ಡಕ್ಟ್‌ನಲ್ಲಿ ಒಂದು ಟೆಂಪರೇಚರ್ ಸೆನ್ಸರ್. ಗಾಳಿ ತೀರಾ ಬಿಸಿ ಅಥವಾ ತೀರಾ ತಣ್ಣಗಾದ್ರೆ ಲಿಮಿಟ್ ಸ್ವಿಚ್‌ಗಿಂತ ಮೊದಲೇ ಪ್ಯಾನಲ್ ಕಾಲ್ ನಿಲ್ಲಿಸುತ್ತೆ. ಇದನ್ನ ಖರ್ಚು ಅಂತ ಬಿಡಬೇಡಿ.

ಡ್ಯಾಂಪರ್ ಆಯ್ಕೆ ಮಾಡುವಾಗ ಮೋಟರ್‌ನಿಂದ ಮುಚ್ಚಿ ಸ್ಪ್ರಿಂಗ್‌ನಿಂದ ತೆರೆಯೋ ಥರದ್ದು ತಗೊಂಡ್ರು. ಮೋಟರ್ ಕೆಟ್ರೂ, ಕರೆಂಟ್ ಹೋದ್ರೂ ಬಾಗಿಲು ತೆರೆದೇ ಇರುತ್ತೆ, ಗಾಳಿಗೆ ದಾರಿ ಇರುತ್ತೆ. ವೈರ್ ಕೂಡ ಎರಡೇ ಸಾಕು.

ಈಗ ವೈರಿಂಗ್. ಫರ್ನೇಸ್‌ನೊಳಗಿನ ಟ್ರಾನ್ಸ್‌ಫಾರ್ಮರ್ 120 ವೋಲ್ಟನ್ನ 24 ವೋಲ್ಟ್ ಎಸಿ ಮಾಡುತ್ತೆ, ಸಾಮಾನ್ಯವಾಗಿ 40 ವಿಎ, ಅಂದ್ರೆ 1.67 ಆಂಪಿಯರ್ ಅಷ್ಟೇ. ಥರ್ಮೋಸ್ಟಾಟ್ ಅಂದ್ರೆ ಅಸಲಿಗೆ ಒಂದಷ್ಟು ಸ್ವಿಚ್. ಆರ್ ಅನ್ನೋ ಟರ್ಮಿನಲ್‌ಗೆ 24 ವೋಲ್ಟ್ ಬರುತ್ತೆ. ಅದನ್ನ ಡಬ್ಲ್ಯೂಗೆ ಸೇರಿಸಿದ್ರೆ ಹೀಟಿಂಗ್, ವೈಗೆ ಸೇರಿಸಿದ್ರೆ ಕೂಲಿಂಗ್, ಜಿಗೆ ಸೇರಿಸಿದ್ರೆ ಫ್ಯಾನ್. ಸಿ ಅನ್ನೋದು ವಾಪಸ್ ದಾರಿ, ಥರ್ಮೋಸ್ಟಾಟ್‌ನ ಡಿಸ್‌ಪ್ಲೇ ಓಡೋಕೆ ಅದು ಬೇಕು. ಕೆಂಪು ವೈರ್ ಆರ್‌ಗೆ, ಬಿಳಿ ಡಬ್ಲ್ಯೂಗೆ, ಹಳದಿ ವೈಗೆ, ಹಸಿರು ಜಿಗೆ ಹಾಕೋದು ರೂಢಿ. ರೂಢಿ ಮಾತ್ರ, ಕಾನೂನಲ್ಲ. ಹಿಂದೆ ಕೆಲಸ ಮಾಡಿದವನು ಏನು ಮಾಡಿದ್ದಾನೋ ಯಾರಿಗೆ ಗೊತ್ತು, ಬಣ್ಣ ನಂಬದೆ ಎರಡೂ ತುದಿ ನೋಡಿ. ಬಿಚ್ಚೋಕೆ ಮುಂಚೆ ಫೋಟೋ ತೆಗೀರಿ.

ವೈರ್ 18 ಗೇಜ್ ತಾಮ್ರದ ಸಾಲಿಡ್ ಕೋರ್. ಮೀಟರ್‌ಗೆ ಸುಮಾರು 0.021 ಓಮ್. ಮೇಲಿನ ಥರ್ಮೋಸ್ಟಾಟ್‌ಗೆ 20 ಮೀಟರ್, ಹೋಗಿ ಬರೋದು ಸೇರಿ 40, ಒಟ್ಟು 0.84 ಓಮ್. ಅರ್ಧ ಆಂಪಿಯರ್ ಹರಿದ್ರೂ ಅರ್ಧ ವೋಲ್ಟ್ ಕೂಡ ಬೀಳಲ್ಲ. ಕೋರ್ ಸಂಖ್ಯೆಯಲ್ಲಿ ಮಾತ್ರ ಜಿಪುಣತನ ಬೇಡ, ಐದು ಸಾಕಾದ ಕಡೆ ಎಂಟು ಕೋರ್ ಎಳೆದ್ರೆ ಮುಂದೆ ಗೋಡೆ ಒಡೆಯೋ ಕೆಲಸ ಉಳಿಯುತ್ತೆ.

ಝೋನ್ ಪ್ಯಾನಲ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಡ್ಯಾಂಪರ್ ಮೋಟರ್‌ಗಳ ಭಾರವನ್ನ ಫರ್ನೇಸ್‌ನ 40 ವಿಎ ಮೇಲೆ ಹಾಕಬಾರದು. ಹಾಗಾಗಿ ಮನೇಲಿ ಈಗ ಎರಡು 24 ವೋಲ್ಟ್. ಎರಡರ ಹಾಟ್ ವೈರ್‌ಗಳನ್ನ ಎಲ್ಲೂ ಸೇರಿಸಬಾರದು. ಫೇಸ್ ಉಲ್ಟಾ ಇದ್ರೆ ಎರಡರ ಮಧ್ಯೆ 48 ವೋಲ್ಟ್ ಇರುತ್ತೆ, ಸೇರಿಸಿದ ಕ್ಷಣ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟೋಗುತ್ತೆ. ಪ್ಯಾನಲ್ ಒಳಗಿನ ರಿಲೇ ಇದಕ್ಕೇ ಇರೋದು. ಅದು ಫರ್ನೇಸ್‌ನ ಆರನ್ನ ಫರ್ನೇಸ್‌ನದೇ ಡಬ್ಲ್ಯೂಗೆ ಸೇರಿಸುತ್ತೆ, ತನ್ನ ಕರೆಂಟ್ ಕೊಡಲ್ಲ.

ಡಕ್ಟ್ ಕತ್ತರಿಸಿ ಡ್ಯಾಂಪರ್ ಕೂರಿಸೋದು, 120 ವೋಲ್ಟ್ ಕೆಲಸ, ಗ್ಯಾಸ್‌ಗೆ ಸಂಬಂಧಿಸಿದ್ದೆಲ್ಲ ಲೈಸೆನ್ಸ್ ಇರೋರೇ ಮಾಡಿದ್ರು. 24 ವೋಲ್ಟ್ ಮಾತ್ರ ಚಿಕ್ಕಪ್ಪನ ಪಾಲು. ಅವರಿಗೆ ಶನಿವಾರ ರಾತ್ರಿ 8 ಗಂಟೆ, ನನಗೆ ಹಾಸ್ಟೆಲ್‌ನಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. "ಪವರ್ ಆಫ್ ಮಾಡಿದ್ದೀರಾ ಚಿಕ್ಕಪ್ಪ?" ಅಂದೆ. "ಬರೀ 24 ವೋಲ್ಟ್ ಕಣೋ, ಏನಾಗುತ್ತೆ" ಅಂದ್ರು. ಕೆಂಪು ವೈರ್ ಫರ್ನೇಸ್‌ನ ತಗಡಿಗೆ ತಾಗಿತು. ಇವರ ಫರ್ನೇಸ್‌ನಲ್ಲಿ ಸಿ ಅರ್ಥ್ ಆಗಿತ್ತು, ಅಂದ್ರೆ ತಗಡೇ ಸಿ. ಒಂದು ಸಣ್ಣ ಕಿಡಿ, ಎಲ್ಲಾ ಬಂದ್. ಮನುಷ್ಯನಿಗೆ ಏನೂ ಆಗ್ಲಿಲ್ಲ, ಆದ್ರೆ ಹೊರಗೆ ಮೈನಸ್ 18 ಇರುವಾಗ ಮನೇಲಿ ಹೀಟಿಂಗ್ ಇಲ್ಲ. ಬೆಳಗಾಗೋದ್ರೊಳಗೆ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು, ಮನೇಲಿ ವಯಸ್ಸಾದವರು ಇದ್ದಾರೆ.

ಹತ್ತು ನಿಮಿಷ ಇಬ್ಬರಿಗೂ ಕೈಕಾಲು ಆಡ್ಲಿಲ್ಲ. ಆಮೇಲೆ ಮೀಟರ್ ಹಿಡಿದು ಹಿಂದಿನಿಂದ ಬಂದ್ವಿ. ಟ್ರಾನ್ಸ್‌ಫಾರ್ಮರ್ ಹತ್ತಿರ 24 ವೋಲ್ಟ್ ಇದೆ, ಬೋರ್ಡ್‌ನ ಆರ್ ಮತ್ತು ಸಿ ಮಧ್ಯೆ ಸೊನ್ನೆ. ಹಾಗಾದ್ರೆ ಮಧ್ಯದಲ್ಲಿರೋ ಫ್ಯೂಸ್. ಬೋರ್ಡ್ ಮೇಲೆ ಕಾರಿಗೆ ಹಾಕೋ ಥರದ್ದೇ ನೇರಳೆ ಬಣ್ಣದ 3 ಆಂಪಿಯರ್ ಬ್ಲೇಡ್ ಫ್ಯೂಸ್, ತಂತಿ ಕರಗಿತ್ತು. ಕಾರ್ ಬಿಡಿಭಾಗದ ಅಂಗಡಿ ತೆರೆದಿತ್ತು, ಮುಕ್ಕಾಲು ಗಂಟೆಯಲ್ಲಿ ಐದು ಫ್ಯೂಸ್ ತಂದ್ರು. ಎರಡನೇ ಸಲ ಬ್ರೇಕರ್ ಆಫ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ತೋರಿಸಿ ಆಮೇಲೆ ವೈರ್ ಮುಟ್ಟಿದ್ರು.

ಮೇಲಿನ ಥರ್ಮೋಸ್ಟಾಟನ್ನ ಅಜ್ಜಿ ರೂಮಿನ ಒಳಗಿನ ಗೋಡೆಗೇ ಹಾಕಿದ್ರು, ನೆಲದಿಂದ ಒಂದೂವರೆ ಮೀಟರ್ ಎತ್ತರ, ಬಿಸಿಲು ಬೀಳದ, ಗಾಳಿ ಬರೋ ಜಾಲರಿಯಿಂದ ದೂರದ ಜಾಗ. ಮೇಲಿನ ಉಳಿದ ಎರಡು ರೂಮಿಗೆ ಇದರಿಂದ ಸ್ವಲ್ಪ ಅನ್ಯಾಯ ಆಗುತ್ತೆ, ಗೊತ್ತಿದ್ದೇ ಮಾಡಿದ್ದು. ಥರ್ಮೋಸ್ಟಾಟ್ ಹಿಂದೆ ವೈರ್ ಬರೋ ತೂತನ್ನ ಮುಚ್ಚಲೇಬೇಕು. ಗೋಡೆಯೊಳಗಿನ ತಣ್ಣನೆ ಗಾಳಿ ಸೆನ್ಸರ್‌ಗೆ ಬಡಿದ್ರೆ ಅದು ರೂಮಿನ ಬದಲು ಗೋಡೆಯನ್ನ ಅಳೆಯುತ್ತೆ.

ಕೊನೆಗೆ ಟೆಸ್ಟ್. ಒಂದೊಂದೇ ಝೋನ್ ಆನ್ ಮಾಡಿ, ಜಾಲರಿ ಹತ್ತಿರ ಟಿಶ್ಯೂ ಪೇಪರ್ ಹಿಡಿದು ನೋಡೋದು. ಮೇಲಿನ ಕೆಲಸ ಅಜ್ಜಿಗೆ ಕೊಟ್ವಿ. "ಪೇಪರ್ ಅಲ್ಲಾಡ್ತಾನೇ ಇಲ್ವಲ್ಲೋ" ಅಂದ್ರು. ಕೆಳಗೆ ಮಾತ್ರ ಜೋರಾಗಿ ಹಾರ್ತಿತ್ತು. ಎರಡು ಡ್ಯಾಂಪರ್‌ಗಳ ವೈರ್ ಅದಲುಬದಲಾಗಿತ್ತು. ಇದು ನೋಡೋಕೆ ಸಣ್ಣ ತಪ್ಪು, ಆದ್ರೆ ಫೀಡ್‌ಬ್ಯಾಕ್ ಲೂಪ್ ತುಂಡಾಗಿದೆ ಅಂತ ಅರ್ಥ. ಮೇಲಿನ ಥರ್ಮೋಸ್ಟಾಟ್ ಬಿಸಿ ಕೇಳುತ್ತೆ, ಬಿಸಿ ಕೆಳಗೆ ಹೋಗುತ್ತೆ, ಮೇಲೆ ತಣ್ಣಗೇ ಇರೋದ್ರಿಂದ ಅದು ಕೇಳ್ತಾನೇ ಇರುತ್ತೆ, ಫರ್ನೇಸ್ ನಿಲ್ಲೋದೇ ಇಲ್ಲ. ಅಜ್ಜಿಯ ಟಿಶ್ಯೂ ಇಲ್ಲದಿದ್ರೆ ಬೆಳಿಗ್ಗೆ ಹಾಲ್ ಬಾಯ್ಲರ್ ಆಗಿರ್ತಿತ್ತು.

ಈಗ ಅಜ್ಜಿ ರೂಮು 22ರಲ್ಲಿದೆ. ಡಿಸ್‌ಪ್ಲೇಯನ್ನ ಸೆಲ್ಸಿಯಸ್‌ಗೆ ಬದಲಾಯಿಸಿಕೊಟ್ಟಿದ್ದಾರೆ, ಪ್ಲಸ್ ಮೈನಸ್ ಬಟನ್ ಅವರೇ ಒತ್ತುತ್ತಾರೆ. ಕೂಲಿಂಗ್ ಕಡೆಯ ಟೆಸ್ಟ್ ಬಾಕಿ ಇದೆ. ಹೊರಗೆ ಇಷ್ಟು ಚಳಿ ಇರುವಾಗ ಕಂಪ್ರೆಸರ್ ಓಡಿಸಿದ್ರೆ ಅದಕ್ಕೇ ಪೆಟ್ಟು, ಅದಕ್ಕೆ ವೈ ವೈರನ್ನ ಸೇರಿಸಿ ಸುಮ್ಮನೆ ಬಿಟ್ಟಿದ್ದೀವಿ. ಎಸಿ ಒಂದೇ ಸ್ಟೇಜಿನದು, 750 ಘನ ಅಡಿ ಗಾಳಿ ಮೂರು ಟನ್ ಕಾಯಿಲ್‌ಗೆ ಕಮ್ಮಿ. ಜೂನ್‌ನಲ್ಲಿ ಸೆನ್ಸರ್ ಎಷ್ಟು ಸಲ ಕಟ್ ಮಾಡುತ್ತೆ ಅಂತ ಎಣಿಸಿ ಕಳಿಸ್ತೀನಿ ಅಂದಿದ್ದಾರೆ ಚಿಕ್ಕಪ್ಪ.