ಸಾಲಕ್ಕೆ ಮೊದಲು ಕಂದಕ

ಬೆಂಗಳೂರು ಬಿಟ್ಟು ಮನೆಯ ಮೂರೆಕರೆ ನೋಡಿಕೊಳ್ಳಲು ಆಲೂರಿಗೆ ಬಂದಿದ್ದೀಯ, ಬಹಳ ಸಂತೋಷ ಮಗ. ಬಂದ ವಾರಕ್ಕೇ ಶುಂಠಿಗೆ ಸಾಲ ಎಲ್ಲಿ ಸಿಗುತ್ತೆ ಅಂತ ಕೇಳಿದೆಯಲ್ಲ, ಅದಕ್ಕೇ ಈ ನಾಲ್ಕು ಮಾತು.

ಸಾಲ ಸಿಗುತ್ತೆ. ಅದಕ್ಕೆ ಮೊದಲು, ಜೋರು ಮಳೆಯ ಹೊತ್ತಿನಲ್ಲಿ ಕೊಡೆ ಹಿಡಿದು ಜಮೀನಿನ ಕೆಳತುದಿಗೆ ಹೋಗು. ಚರಂಡಿಯಲ್ಲಿ ಬರೋ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ತಂದು ಜಗಲಿ ಮೇಲಿಡು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಗಸಿ ಕೂರುತ್ತೆ. ನಿಮ್ಮಪ್ಪ ತಲೆ ಮೇಲೆ ಹೊತ್ತು ಹಾಕಿದ ಕೊಟ್ಟಿಗೆ ಗೊಬ್ಬರವೂ ಅದರಲ್ಲೇ ಇದೆ. ಅದು ಹಳ್ಳ ಹಿಡಿದು, ಹೇಮಾವತಿ ಸೇರಿ, ಗೊರೂರು ಅಣೆಕಟ್ಟೆ ತುಂಬುತ್ತೆ. ನೀರು ನಿಂತರೆ ಶುಂಠಿಗೆ ಕೊಳೆರೋಗ ಅಂತ ನಮ್ಮವರು ಇಳಿಜಾರಿಗೇ ಚರಂಡಿ ಹೊಡೆಯುತ್ತಾರೆ. ನೀರಿನ ಜೊತೆ ಮಣ್ಣೂ ಇಳಿದುಹೋಗುತ್ತೆ. ಅಂಥ ನೆಲಕ್ಕೆ ಸಾಲದ ಗೊಬ್ಬರ ಸುರಿದರೆ ಸಾಲವೂ ಹೊಳೆಪಾಲು.

ಆದ್ದರಿಂದ ಮೊದಲು ಇಳಿಜಾರಿಗೆ ಅಡ್ಡಲಾಗಿ ಕಂದಕ ತೆಗೆಸು, ಒಂದಡಿ ಅಗಲ, ಒಂದೂವರೆ ಅಡಿ ಆಳ. ಶುಂಠಿ ಚರಂಡಿಯ ನೀರು ಅದಕ್ಕೇ ಬೀಳಲಿ. ಸಣ್ಣ ರೈತರಿಗೆ ಬದು, ಕಂದಕ, ಕೃಷಿ ಹೊಂಡ ಎಲ್ಲಕ್ಕೂ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದೆ. ಗ್ರಾಮಸಭೆಗೆ ಹೋಗಿ ಕ್ರಿಯಾಯೋಜನೆಯಲ್ಲಿ ಹೆಸರು ಬರೆಸು. ಒಂದು ಎಚ್ಚರಿಕೆ: ಕೆಲಸ ಶುರುವಾಗೋ ಮುಂಚೆ ಜಾಗದ ಫೋಟೊ ಆಗಲೇಬೇಕು. ಆತುರಪಟ್ಟು ಮೊದಲೇ ಅಗೆಸಿ ಬಿಲ್ಲು ಕಳಕೊಂಡವರನ್ನು ಕಂಡಿದ್ದೀನಿ.

ಇನ್ನು ಸಾಲ. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೇ. 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿ 15 ಲಕ್ಷಕ್ಕೆ ಹೋಯಿತು. ಮಿತಿ ಅಷ್ಟಿದೆ ಅಂತ ಅಷ್ಟೂ ಕೈಗೆ ಬರಲ್ಲ. ಬೆಳೆ, ಎಕರೆ ಲೆಕ್ಕ ಹಾಕಿ ಕೊಡುತ್ತಾರೆ. ಬಡ್ಡಿ ಇಲ್ಲ ಅನ್ನೋದೂ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಒಂದು ವರ್ಷ ಕಾಫಿ ಒಣಗಿಸೋ ಗಡಿಬಿಡಿಯಲ್ಲಿ ನಾನು ನಾಲ್ಕು ದಿನ ತಡ ಮಾಡಿದೆ. ಇಡೀ ವರ್ಷದ ಬಡ್ಡಿ ಬಿತ್ತು. ಆ ರಸೀದಿ ಇವತ್ತಿಗೂ ಪೆಟ್ಟಿಗೆಯಲ್ಲಿಟ್ಟಿದ್ದೀನಿ, ಬಾ, ತೋರಿಸ್ತೀನಿ. 2018ರ ಹಾಗೆ ಮತ್ತೆ ಸಾಲಮನ್ನಾ ಆಗುತ್ತೆ ಅಂತ ಯಾರಾದರೂ ಅಂದರೆ, ಕೇಳಿ ಸುಮ್ಮನಿರು, ಕಂತು ನಿಲ್ಲಿಸಬೇಡ.

ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಇದ್ಯಾವುದೂ ನಡೆಯಲ್ಲ. ತಾತನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸು, ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಮಾಡಿಸು. ವಾರಸುದಾರರೆಲ್ಲರ ಸಹಿ ಬೇಕಾಗುತ್ತೆ, ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗಲೇ ಕೇಳಿಬಿಡು.

ಕಂದಕದ ಮಟ್ಟ ನೋಡೋಕೆ ಯಂತ್ರ ಬೇಡ. ಮೂರು ಗಳ ಸೇರಿಸಿ ಏಣಿಗಾಲಿನ ಹಾಗೆ ಕಟ್ಟಿ, ನಡುವೆ ದಾರಕ್ಕೆ ಕಲ್ಲು ಇಳಿಬಿಟ್ಟರೆ ಸಾಕು. ಗಳ ನಮ್ಮನೇಲಿವೆ. ಭಾನುವಾರ ಬೆಳಿಗ್ಗೆ ಬರ್ತೀನಿ, ಮೇಲಿನ ಬೇಲಿಯಿಂದಲೇ ಗೆರೆ ಹಾಕೋಣ.