ಜಾರುವ ಲಾರಿಗೆ ಬ್ರೇಕ್ ಮದ್ದಲ್ಲ

ಶಹಾಪುರ–ಸುರಪುರ ರಸ್ತೆಯಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಖಾಲಿ ಲಾರಿಯೊಂದು ಅಡ್ಡ ತಿರುಗಿ ಹೊಲಕ್ಕೆ ಇಳಿದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ‘ಬ್ರೇಕ್ ಹಿಡೀಲಿಲ್ರಿ, ಮತ್ತಷ್ಟು ಒತ್ತಿದೆ’ ಎಂದ ಚಾಲಕ. ಬ್ರೇಕ್ ಹಿಡಿದಿತ್ತು. ಬಿಟ್ಟಿದ್ದು ರಸ್ತೆಯ ಹಿಡಿತ. ಈ ಮಾತು ಪ್ರತಿ ಮಳೆಗಾಲ ಕೇಳುತ್ತೇನೆ, ಅದಕ್ಕೇ ಈ ಲೇಖನ.

ನಮ್ಮದು ಎರಿ ಮಣ್ಣಿನ ಸೀಮೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳು ರಸ್ತೆಯಂಚಿಗೇ ಬಂದಿವೆ. ಗದ್ದೆಯಿಂದ ಮೇಲೇರುವ ಟ್ರ್ಯಾಕ್ಟರ್ ಚಕ್ರದ ಕೆಸರು ಡಾಂಬರಿನ ಮೇಲೆ ಹಾಗೇ ಉಳಿಯುತ್ತದೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು. ಜೋರು ಮಳೆ ಕೆಸರನ್ನು ತೊಳೆದು ಒಯ್ಯುತ್ತದೆ, ಜಿಟಿಜಿಟಿ ಮಳೆ ಅದನ್ನು ನುಣ್ಣಗೆ ಸವರುತ್ತದೆ. ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ ಧೂಳು, ಡೀಸೆಲ್, ಎಣ್ಣೆ ಕೂಡಿ ರಸ್ತೆ ಇನ್ನೂ ಕೆಟ್ಟದಾಗಿರುತ್ತದೆ.

ಹೊರಡುವ ಮುನ್ನ ಟೈರಿನ ಗೆರೆಗಳ ಆಳ ನೋಡಿ. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ನನ್ನ ಮಾತು ಕೇಳುವುದಾದರೆ ಮಳೆಗಾಲದಲ್ಲಿ ಆ ಮಿತಿಯ ತನಕ ಕಾಯಬೇಡಿ. ರೀಸೋಲ್ ಟೈರನ್ನು ಮುಂದಕ್ಕೆ ಹಾಕಲೇಬೇಡಿ. ಗಾಳಿ ಸರಿಯಾಗಿರಲಿ. ನಂತರ ವೇಗ ಇಳಿಸಿ: 60ರ ವೇಗವನ್ನು 30ಕ್ಕೆ ತಂದರೆ ಬ್ರೇಕ್ ಹಾಕಿದ ಮೇಲೆ ಲಾರಿ ಓಡುವ ದೂರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಮುಖ್ಯ ಮಾತು. ಲೋಡ್ ಲಾರಿಗಿಂತ ಖಾಲಿ ಲಾರಿ ಬೇಗ ಜಾರುತ್ತದೆ. ಭತ್ತ ಇಳಿಸಿ ಬರುವವರು ‘ಖಾಲಿ ಗಾಡಿ, ಹಗುರ’ ಎಂದು ನಿರಾಳವಾಗುತ್ತಾರೆ. ಲಾರಿಯ ಬ್ರೇಕು ತುಂಬಿದ ಭಾರಕ್ಕೆಂದು ಮಾಡಿದ್ದು. ಹಿಂದೆ ಭಾರವಿಲ್ಲದಾಗ ಪೆಡಲ್ ಸ್ವಲ್ಪ ಒತ್ತಿದರೂ ಹಿಂದಿನ ಚಕ್ರ ತಿರುಗುವುದು ನಿಂತುಬಿಡುತ್ತದೆ. ನಿಂತ ಚಕ್ರ ರಸ್ತೆಯನ್ನು ಹಿಡಿಯದು, ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಎಕ್ಸಾಸ್ಟ್ ಬ್ರೇಕ್ ಕೂಡ ಹಿಂದಿನ ಚಕ್ರಗಳನ್ನೇ ತಡೆಯುವುದರಿಂದ, ಒದ್ದೆ ರಸ್ತೆಯಲ್ಲಿ ಖಾಲಿ ಓಡುವಾಗ ಅದನ್ನು ಬಂದ್ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಜಾರತೊಡಗಿದರೆ ಹೀಗೆ ಮಾಡಿ. ಬ್ರೇಕ್ ಒತ್ತಿದ್ದರಿಂದ ಜಾರಿದ್ದರೆ ಪೆಡಲ್ ಬಿಡಿ, ಚಕ್ರ ತಿರುಗಲಿ, ಮತ್ತೆ ಮೆಲ್ಲಗೆ ಒತ್ತಿ. ಆಕ್ಸಿಲರೇಟರ್‌ನಿಂದ ಜಾರಿದ್ದರೆ ಅದನ್ನು ಸಡಿಲಿಸಿ. ಗೇರ್ ಇಳಿಸಿದ್ದರಿಂದ ಜಾರಿದ್ದರೆ ಕ್ಲಚ್ ಒತ್ತಿ. ಹಿಂಭಾಗ ಎಡಕ್ಕೆ ಓಡಿದರೆ ಸ್ಟಿಯರಿಂಗನ್ನೂ ಎಡಕ್ಕೇ ತಿರುಗಿಸಿ, ಲಾರಿ ನೇರವಾಗುತ್ತಿದ್ದಂತೆ ಕೂಡಲೇ ಮರಳಿ ನೇರಕ್ಕೆ ತನ್ನಿ. ಮರವನ್ನೋ ಹಳ್ಳವನ್ನೋ ನೋಡುತ್ತ ಕೂರಬೇಡಿ. ನೀವು ಹೋಗಬೇಕಾದ ದಾರಿಯ ಕಡೆ ಕಣ್ಣಿರಲಿ, ಕೈ ಕಣ್ಣನ್ನೇ ಹಿಂಬಾಲಿಸುತ್ತದೆ.

ಎಬಿಎಸ್ ಇರುವ ಲಾರಿಗೆ ಈ ಬಿಡುವ-ಒತ್ತುವ ಕ್ರಮ ಬೇಡ. ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಎಬಿಎಸ್ ಇಲ್ಲದ ಹಳೆಯ ಲಾರಿಯಲ್ಲೂ ಬ್ರೇಕ್ ಪಟಪಟ ತುಳಿಯಬೇಡಿ, ಪ್ರತಿ ಸಲವೂ ಏರ್ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ.

ಇನ್ನೊಂದು ನಮ್ಮ ಕಡೆಯದೇ ಅಪಾಯ. ಎದುರು ಬಸ್ ಬಂತೆಂದು ಒಂದು ಬದಿಯ ಚಕ್ರಗಳನ್ನು ಮಣ್ಣಿಗೆ ಇಳಿಸಿದಾಗ ಆ ಸ್ಥಿತಿಯಲ್ಲೇ ಜೋರಾಗಿ ಬ್ರೇಕ್ ಒತ್ತಬೇಡಿ. ಒಂದು ಬದಿ ಡಾಂಬರು, ಇನ್ನೊಂದು ಬದಿ ಎರಿ ಮಣ್ಣು ಇರುವಾಗ ಲಾರಿ ಡಾಂಬರಿನ ಕಡೆಗೆ ಎಳೆದು ತಿರುಗುತ್ತದೆ. ನಿಧಾನಿಸಿ, ಸ್ಟಿಯರಿಂಗ್ ನೇರ ಹಿಡಿದು ಮುಂದೆ ಸಾಗಿ, ವೇಗ ಇಳಿದ ಮೇಲೆ ಮೇಲೇರಿ. ಹಳ್ಳದ ನೀರು ದಾಟಿದ ಮೇಲೆ ಬ್ರೇಕನ್ನು ಒಂದೆರಡು ಬಾರಿ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ರಸ್ತೆಯ ಮೇಲೆ ನೀರು ರಭಸವಾಗಿ ಹರಿಯುತ್ತಿದ್ದರೆ ದಾಟಲೇಬೇಡಿ.

ಹೂತುಹೋದರೆ ಚಕ್ರ ತಿರುಗಿಸುತ್ತಲೇ ಇರಬೇಡಿ, ಇನ್ನೂ ಇಳಿಯುತ್ತದೆ. ಗರಸು, ಹುಲ್ಲು ಅಥವಾ ಗೋಣಿಚೀಲ ಹಾಕಿ ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಸರಪಳಿ ಹಾಕಿ ಎಳೆಸುವಾಗ ಜನರನ್ನು ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಎಲ್ಲ ಕಡೆ ತುರ್ತಿಗೆ 112. ಎರಡನ್ನೂ ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ನಿಮ್ಮ ಕ್ಲೀನರ್‌ಗೂ ಹೇಳಿ.